ಕೇಳದೆ ಬಂದ ವರ್ಗಾವಣೆ

ನನ್ನ ತವರು ಆಳಂದ, ಗಂಡನ ಮನೆ ಜೇವರ್ಗಿ, ಅನ್ನ ಕೊಡುವ ಊರು ಅಫಜಲಪುರ. ಈ ಮೂರರ ನಡುವೆ ಕಲಬುರಗಿಯ ಬಸ್ ನಿಲ್ದಾಣ. ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಅಲ್ಲಿ ಇಳಿದು, ಬ್ಯಾಗು ಹೆಗಲಿಗೇರಿಸಿ, ಇನ್ನೊಂದು ಬಸ್ಸಿಗೆ ಓಡಬೇಕು. ಓಡಿ ಓಡಿ ಕೂತಲ್ಲೂ ನನ್ನ ಕಾಲು ಸುಮ್ಮನಿರುವುದಿಲ್ಲ. ಸಣ್ಣವಳಿದ್ದಾಗ ಅವ್ವ ಬೈಯುತ್ತಿದ್ದಳು, "ಕಾಲಿಗಿ ಚಕ್ರ ಕಟ್ಕೊಂಡು ಹುಟ್ಟೀಯೇನ ಬೇ" ಎಂದು. ಸರಕಾರ ಅದನ್ನು ಕೇಳಿಸಿಕೊಂಡು ನನಗೆ ಈ ನೌಕರಿ ಕೊಟ್ಟಿರಬೇಕು.

ನಾನು ದನದ ಡಾಕ್ಟರು. ಸೊನ್ನದ ಬ್ಯಾರೇಜಿನ ಹಿನ್ನೀರಿಗೆ ಹತ್ತಿಕೊಂಡ ಕೆಲವು ಹಳ್ಳಿಗಳ ಎಮ್ಮೆ, ಎತ್ತು, ಆಡು, ಕುರಿಗಳೆಲ್ಲ ನನ್ನ ಪಾಲಿನವು. ಕಬ್ಬು ಕಡಿಯುವ ಕಾಲದಲ್ಲಿ ಹವಳಗಾದ ಸಕ್ಕರೆ ಕಾರ್ಖಾನೆಯ ಕಡೆಗೆ ಗಾಡಿ ಹೊಡೆಯುವವರ ಎತ್ತುಗಳೂ ಸೇರುತ್ತವೆ. ವಾರವಿಡೀ ಅಫಜಲಪುರದ ಒಂದು ಬಾಡಿಗೆ ಕೋಣೆಯಲ್ಲಿರುತ್ತೇನೆ. ಶನಿವಾರ ಸಂಜೆ ಜೇವರ್ಗಿಗೆ ಹೋಗಿ, ಸೋಮವಾರ ನಸುಕಿನ ಬಸ್ಸಿಗೆ ಮರಳುತ್ತೇನೆ. ಜೇವರ್ಗಿಯಲ್ಲಿ ಗಂಡ ಹೈಸ್ಕೂಲು ಮಾಸ್ತರು. ಮೂರನೇ ಇಯತ್ತೆಯ ಮಗಳು ಅವರ ಹತ್ತಿರ, ಅತ್ತೆಯ ಕಣ್ಣಳತೆಯಲ್ಲಿ ಬೆಳೆಯುತ್ತಿದ್ದಾಳೆ.

ಹೊಸದಾಗಿ ಬಂದಾಗ ದವಾಖಾನೆಯ ಕಟ್ಟೆಗೆ ಬಂದ ರೈತರು ನನ್ನನ್ನು ದಾಟಿ ಒಳಗೆ ಇಣುಕುತ್ತಿದ್ದರು.

"ಸಾಹೇಬ್ರು ಇಲ್ಲೇನ್ರಿ?"

"ನಾನೇ ಡಾಕ್ಟ್ರು. ಹೇಳ್ರಿ."

"ಇರ್ಲಿ ಬಿಡ್ರಿ ಬಾಯಾರ. ಸಾಹೇಬ್ರು ಬರೂತನ ಕುಂದರ್ತೀನಿ."

ಇಲ್ಲದ ಸಾಹೇಬರಿಗಾಗಿ ಬಿಸಿಲು ಏರುವವರೆಗೂ ಕೂರುತ್ತಿದ್ದರು. ಕೊನೆಗೆ ನಮ್ಮ ಅಟೆಂಡರ್ ಕಾಕಾ, ರಿಟೈರ್ ಆಗುವ ವಯಸ್ಸಿನ ಸಾಧು ಮನುಷ್ಯ, "ಇವರೇ ಡಾಕ್ಟ್ರು ಅದಾರಪಾ" ಎಂದು ಹೇಳಿದ ಮೇಲೆ ಬಾಯಿ ಬಿಚ್ಚುವರು. ಅದೂ ನನ್ನ ಹತ್ತಿರವಲ್ಲ. ಎಮ್ಮೆಯ ಸಂಕಟವನ್ನು ಕಾಕಾನ ಮುಖ ನೋಡಿ ಹೇಳುವರು. ಕಾಕಾ ನನ್ನ ಕಡೆ ತಿರುಗಿ ಅದನ್ನೇ ಮತ್ತೆ ಹೇಳುವನು. ನಾನು ಕಾಕಾನಿಗೆ ಔಷಧಿ ಹೇಳುವೆ, ಅವನು ಅವರಿಗೆ ದಾಟಿಸುವನು. ಮೂವರ ಭಾಷೆಯೂ ಒಂದೇ, ನಿಂತದ್ದೂ ಒಂದು ಮೊಳದ ಅಂತರದಲ್ಲಿ, ಆದರೂ ನಡುವೆ ಒಬ್ಬ ದುಭಾಷಿ.

ಇದರಿಂದ ಒಂದು ದೊಡ್ಡ ಫಜೀತಿಯೇ ಆಯಿತು. ಎಮ್ಮೆ ಬೆದೆಗೆ ಬಂದಿದೆ ಎಂಬ ಮಾತನ್ನು ನಮ್ಮ ಕಡೆಯ ಗಂಡಸು ಪರಹೆಂಗಸಿನ ಮುಂದೆ ಆಡುವುದಿಲ್ಲ. ಅದು ಮರ್ಯಾದೆಯಲ್ಲ. ಡಾಕ್ಟರಾದರೇನು, ಹೆಂಗಸು ಹೆಂಗಸೇ. ಹೀಗಾಗಿ ಒಬ್ಬ ರೈತ ಎಮ್ಮೆಯನ್ನು ಕರೆತರದೆ ತಾನೊಬ್ಬನೇ ಬಂದು, "ಹೊಟ್ಟಿ ಸರಿ ಇಲ್ರಿ, ಮುಂಜಾನಿಂದ ಒದರಾಕತ್ತದ, ಮೇವು ಮುಟ್ಟವಲ್ದು" ಎಂದ. ನಾನು ನಂಬಿ ಹೊಟ್ಟೆಯ ಪುಡಿ ಕೊಟ್ಟೆ. ಕೆಲವು ದಿನ ಬಿಟ್ಟು ಬಂದವನ ಮುಖ ಸಣ್ಣದಾಗಿತ್ತು. ಪುಡಿ ತಿಂದ ಎಮ್ಮೆ ಒದರುವುದನ್ನು ನಿಲ್ಲಿಸಿತ್ತು, ನಿಜ. ಬೆದೆ ಇಳಿದರೆ ಪುಡಿ ತಿನ್ನದಿದ್ದರೂ ನಿಲ್ಲಿಸುತ್ತಿತ್ತು. ಇಂಜೆಕ್ಷನ್ ಕೊಡಿಸಿ ಗಬ್ಬ ಕಟ್ಟಿಸುವ ಹೊತ್ತು ಮೀರಿಹೋಗಿತ್ತು. ಕಾಕಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ. ಅದೇ ಋತುವಿನಲ್ಲಿ ಇನ್ನೊಬ್ಬನ ಎಮ್ಮೆಗೆ ನೆಗಡಿ, ಮತ್ತೊಬ್ಬನ ಎಮ್ಮೆಗೆ ಕೆಟ್ಟ ಕಣ್ಣಿನ ನದರು. ತಾಲೂಕು ಮೀಟಿಂಗಿನಲ್ಲಿ ನನ್ನ ಸರಹದ್ದಿನಲ್ಲೇ ಗಬ್ಬದ ಎಮ್ಮೆಗಳು ಎಲ್ಲರಿಗಿಂತ ಕಮ್ಮಿ ಎಂದು ತಿಳಿದಾಗ, ಸಹೋದ್ಯೋಗಿ ಡಾಕ್ಟರೊಬ್ಬರು "ಮೇಡಮ್ಮಾರ ಕೈಗುಣ" ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮುಂಬಾಗಿಲಿನಲ್ಲಿ ನನಗೆ ದಾರಿ ಸಿಗದಿದ್ದರೆ ಹಿತ್ತಿಲಿನಿಂದ ಹೋಗುತ್ತೇನೆ ಎಂದು ಹಟ ಹಿಡಿದೆ. ಎಮ್ಮೆಗೆ ಮೇವು ಹಾಕುವವಳು, ಸಗಣಿ ಬಳಿಯುವವಳು, ಹಾಲು ಹಿಂಡುವವಳು ಮನೆಯ ಹೆಂಗಸು. ಎಮ್ಮೆಯ ಮೈಯೊಳಗೆ ಏನು ನಡೆದಿದೆ ಎಂಬುದು ಮೊದಲು ಗೊತ್ತಾಗುವುದು ಅವಳಿಗೇ. ಆದರೆ ದವಾಖಾನೆ ಗಂಡಸರ ಕಟ್ಟೆ, ಅವಳು ಅಲ್ಲಿಗೆ ಬರುವುದಿಲ್ಲ. ನಾನೇ ಮನೆ ಮನೆಯ ಅಡುಗೆಕೋಣೆಗೆ ಹೋಗಿ, ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ನನ್ನ ಫೋನ್ ನಂಬರು ಬರೆದು ಬಂದೆ. ಅಲ್ಲಿಂದ ಶುರುವಾಯಿತು.

"ಅಕ್ಕಾರ, ಎಮ್ಮಿ ಬೆದಿಗಿ ಬಂದದ, ಜಲ್ದಿ ಬರ್ರಿ. ನಾ ಫೋನ್ ಮಾಡೀನಂತ ನಮ್ಮ ಮನಿಯವ್ರಿಗಿ ಹೇಳಬ್ಯಾಡ್ರಿ ಮತ್ತ."

ನಾನು ಆಕಸ್ಮಿಕವಾಗಿ ಆ ದಾರಿಯಲ್ಲಿ ಬಂದವಳ ಹಾಗೆ ಸ್ಕೂಟರ್ ನಿಲ್ಲಿಸುತ್ತಿದ್ದೆ. ಗಂಡಸರು "ಬಾಯಾರು ನೋಡಿದ ಕೂಡ್ಲೇ ಹೇಳ್ತಾರ" ಎಂದು ಬೆರಗಾಗುತ್ತಿದ್ದರು. ಬೆರಗಾಗಲಿ ಎಂದು ನಾನೂ ಬಿಟ್ಟೆ. ಎಮ್ಮೆಗಳು ಗಬ್ಬ ಕಟ್ಟಿದವು.

ಹಾಗೆಂದು ನೌಕರಿ ಹಗುರಾಯಿತು ಎಂದಲ್ಲ. ಕಾಲುಬಾಯಿ ಬೇನೆಯ ಲಸಿಕೆಯ ದಿನಗಳು ಬಂದರೆ ಬೆಳಗಿನಿಂದ ಸಂಜೆಯವರೆಗೆ ಹಟ್ಟಿಯಿಂದ ಹಟ್ಟಿಗೆ ಅಲೆಯಬೇಕು. ಲಸಿಕೆ ಹಾಕಬೇಕು, ಕಿವಿಗೆ ಹಳದಿ ಓಲೆ ಚುಚ್ಚಬೇಕು, ಒದೆಯುವ ಎಮ್ಮೆಯ ಮುಂದೆ ಮೊಬೈಲು ಹಿಡಿದು ಅದರ ಫೋಟೊ ಮೇಲಕ್ಕೆ ಕಳಿಸಬೇಕು. ಹೊಳೆದಂಡೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಮೇಲಿನವರು "ಇನ್ನೂ ಯಾಕ ಬಂದಿಲ್ಲ" ಎಂದು ಕೇಳಲು ಮಾತ್ರ ಅದು ಹೇಗೋ ಬರುತ್ತದೆ. ಇದೆಲ್ಲ ಗಂಡು ಡಾಕ್ಟರಿಗೂ ಇದ್ದದ್ದೇ. ಆದರೆ ಅವರಿಗೆ ಅವಸರವಾದರೆ ಜಾಲಿಗಿಡ ಇದೆ. ನಾನು ಬೆಳಿಗ್ಗೆ ಒಂದು ಗುಟುಕು ಚಹಾ ಕುಡಿದು ಹೊರಟರೆ ಸಂಜೆ ಕೋಣೆಗೆ ಮರಳುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲೂ. ಕೊನೆಗೆ ಉರಿಮೂತ್ರ ಶುರುವಾಗಿ, ಚಳಿಜ್ವರ ಬಂದು ಕಲಬುರಗಿಯ ಡಾಕ್ಟರಮ್ಮನ ಮುಂದೆ ಕೂತೆ. "ನೀರು ಕುಡೀರಿ, ನೀವೂ ಡಾಕ್ಟ್ರೇ ಅಲ್ಲೇನು?" ಎಂದು ಅವರು ಗದರಿದರು. ಆಮೇಲೆ ಮಾತ್ರೆ ಬರೆಯುತ್ತಾ, ತಲೆ ಎತ್ತದೆ, "ನಾನೂ ಹಳ್ಳಿಯೊಳಗ ಇದ್ದಾಗ ಕುಡೀತಿದ್ದಿಲ್ಲ" ಎಂದರು. ಇಬ್ಬರೂ ನಕ್ಕೆವು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮೀಟಿಂಗಿದ್ದರೆ ಉಪ್ಪಿಟ್ಟು, ಚಹಾದ ಉಸ್ತುವಾರಿ ನನ್ನದು. ದೊಡ್ಡವರು ಬಂದರೆ ಹೂಗುಚ್ಛ ಹಿಡಿದು ನಿಲ್ಲುವವಳೂ ನಾನೇ. ನನಗೆ "ಕೈಗುಣ" ಎಂದ ಅದೇ ಡಾಕ್ಟರು ಹೆಂಡತಿ ಮಕ್ಕಳನ್ನು ಬೀದರಿನಲ್ಲಿ ಬಿಟ್ಟು ಬಂದವರು. ಅವರ ಬಗ್ಗೆ ಎಲ್ಲರೂ, "ಪಾಪ, ಸಂಸಾರ ಬಿಟ್ಟು ಎಷ್ಟು ದುಡೀತಾರ" ಎನ್ನುತ್ತಾರೆ. ನನ್ನನ್ನು ನೋಡಿದರೆ, "ಸಣ್ಣ ಕೂಸು ಬಿಟ್ಟು ಹೆಂಗರೆ ಇರ್ತೀರಿ ಮೇಡಮ್ಮಾರ?" ಅವರದು ತ್ಯಾಗ, ನನ್ನದು ಕಲ್ಲುಮನಸ್ಸು.

ನಮ್ಮ ತಾಲೂಕಿನ ಸಾಹೇಬರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಸಿಟ್ಟು ಮಾಡಿ ಮುಗಿಸುತ್ತಿದ್ದೆ. ನನ್ನ ಜ್ವರದ ಸುದ್ದಿ ಕೇಳಿ ಅವರು ಒಂದು ಸೋಮವಾರ ಕರೆದರು.

"ನೋಡು ತಂಗಿ, ಕಲಬುರ್ಗಿ ಆಫೀಸ್ನ್ಯಾಗ ಒಂದು ಜಾಗಾ ಖಾಲಿ ಆಗ್ಯದ. ವರದಿ ಕೆಲಸ, ಫ್ಯಾನಿನ ಕೆಳಗ ಕುಂತು ಮಾಡೂದು. ಜೇವರ್ಗಿಯಿಂದ ದಿನಾ ಓಡಾಡಬಹುದು. ನಿನ್ನ ಹೆಸರು ಹೇಳ್ಲೇನು?"

"ಯೋಚನಿ ಮಾಡಿ ಹೇಳ್ತೇನ್ರಿ ಸರ್."

"ಮಾಡು, ಮಾಡು. ಹೆಣ್ಮಕ್ಕಳು ಹಿಂಗ ಹಟ್ಟಿ ಹಟ್ಟಿ ತಿರುಗೂದು ಎಷ್ಟ ದಿನಾ ನಡೀತದ ಹೇಳು."

ಆ ವಾರ ನಾನು ನಿಂತಲ್ಲಿ ನಿಲ್ಲಲಿಲ್ಲ. ಆಸೆ ಆಗಲಿಲ್ಲ ಎಂದರೆ ಸುಳ್ಳು. ಕಲಬುರಗಿಯ ಆಫೀಸಿನಲ್ಲಿ ಹೆಂಗಸರಿಗೆ ಬೇರೆ ಪಾಯಖಾನೆ ಇದೆ, ಅದಕ್ಕೆ ಒಳಗಿನಿಂದ ಚಿಲಕ ಇದೆ, ಹೊರಗೆ ತಣ್ಣೀರಿನ ಯಂತ್ರ ಇದೆ. ಇದನ್ನು ನಾನು ಸ್ವರ್ಗದ ವರ್ಣನೆಯ ಹಾಗೆ ನೆನೆಯುತ್ತಿದ್ದೆ. ದಿನಾ ಬೆಳಿಗ್ಗೆ ಮಗಳಿಗೆ ನಾನೇ ಜಡೆ ಹಾಕಬಹುದು. ಅವಳು ಶನಿವಾರ ನನ್ನನ್ನು ಕಂಡಾಗ ಮೊದಲ ಅರ್ಧ ತಾಸು ನಂಟರ ಹಾಗೆ ದೂರ ನಿಲ್ಲುತ್ತಾಳೆ. ಅದು ನಿಲ್ಲುತ್ತದೆ. ಇಷ್ಟು ಸಾಲದೇ ಎಂದು ಕೇಳಿಕೊಳ್ಳುತ್ತಿದ್ದೆ. ಸಾಕು ಎನ್ನಿಸುತ್ತಿತ್ತು. ಮರುಗಳಿಗೆಗೆ ಎದೆಯಲ್ಲಿ ಏನೋ ಕಿತ್ತುಕೊಂಡ ಹಾಗೆ ಆಗುತ್ತಿತ್ತು.

ಆಳಂದಕ್ಕೆ ಫೋನು ಮಾಡಿದೆ. ಅವ್ವ, "ಕುಂತಲ್ಲೇ ರೊಟ್ಟಿ ಬರ್ತಾವಂದ್ರ ಯಾರರೆ ಒಲ್ಲೆ ಅಂತಾರೇನ ಬೇ?" ಎಂದಳು. ಅಪ್ಪ ತೊಗರಿಯ ವ್ಯಾಪಾರಿ, ದಿನಾ ಲಿಂಗಪೂಜೆ ತಪ್ಪಿಸದವರು, ಕಾಯಕದ ಬಗ್ಗೆ ಕೂತವರಿಗೂ ನಿಂತವರಿಗೂ ಹೇಳುವವರು. ಅಣ್ಣ ಒಂದು ದಿನ ಅಂಗಡಿ ತಡವಾಗಿ ತೆರೆದರೆ ಮನೆಯಲ್ಲಿ ಭೂಕಂಪ. ಅವರಾದರೂ ಬೇರೆ ಮಾತಾಡುತ್ತಾರೆ ಎಂದುಕೊಂಡೆ.

"ಛಲೋ ಆಯ್ತು ಯವ್ವಾ. ಇನ್ನರೆ ಜರಾ ಆರಾಮ ಇರು" ಎಂದರು.

ಮಗ ಕೆಲಸ ಬಿಟ್ಟು ಕೂತರೆ ಪಾಪ, ಮಗಳು ಕೂತರೆ ಪುಣ್ಯ. ಕಾಯಕದೊಳಗೂ ಗಂಡು ಹೆಣ್ಣು ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಶುಕ್ರವಾರ ಮಧ್ಯಾಹ್ನ ಹೊಳೆದಂಡೆಯ ಊರಿನಿಂದ ಒಂದು ಮನೆಯ ಸೊಸೆಯ ಫೋನು ಬಂತು. "ಅಕ್ಕಾರ, ಎಮ್ಮಿ ಮುಂಜಾನಿಂದ ತಿಣಕಾಕತ್ತದ, ಕರ ಬರವಲ್ದು." ಕಾಕಾನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಹೊಡೆದೆ. ಹಟ್ಟಿಯ ಬಾಗಿಲಿನಲ್ಲಿ ಅವಳ ಮಾವ ನಿಂತಿದ್ದರು, ತಲೆಗೆ ಪಟಗ ಸುತ್ತಿದ ಎತ್ತರದ ಮುದುಕ. ಅವರು ನನ್ನನ್ನು ನೋಡಲಿಲ್ಲ. ಕಾಕಾನಿಗೆ, "ಸಾಹೇಬ್ರನ್ನ ಕರ್ಕೊಂಡು ಬರೂದ ಬಿಟ್ಟು ಬಾಯಾರ್ನ ಕರ್ಕೊಂಡು ಬಂದೀಯಲ್ಲ" ಎಂದರು. ಬೇರೆ ಡಾಕ್ಟರಿಗೆ ಫೋನು ಹಚ್ಚಿದ್ದರಂತೆ, ಅವರು ಎತ್ತಿರಲಿಲ್ಲ. ಒಳಗೆ ಎಮ್ಮೆ ನರಳುತ್ತಿತ್ತು. ಮುದುಕರು ಬಾಗಿಲು ಬಿಟ್ಟು ಸರಿಯಲಿಲ್ಲ.

ಆಗ ಆ ಸೊಸೆ, ತಲೆಯ ಮೇಲೆ ಸೆರಗು ಹೊದ್ದವಳು, ಮಾವನ ಮುಂದೆ ಎಂದೂ ಬಾಯಿ ಬಿಡದವಳು, ಒಳಗಿನಿಂದ ಬಿಸಿನೀರಿನ ಬಕೀಟು ತಂದು ಅವರ ಪಕ್ಕದಿಂದಲೇ ದಾಟಿಸಿ ನನ್ನ ಕಾಲ ಮುಂದೆ ಇಟ್ಟಳು. ಪಕ್ಕದಲ್ಲಿ ಸಾಬೂನು ಇಟ್ಟಳು. ಮುದುಕರು ಬಕೀಟನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಸರಿದರು.

ಕರುವಿನ ಮುಂಗಾಲು ಎರಡೂ ಬಂದಿದ್ದವು, ತಲೆ ಮಾತ್ರ ಹಿಂದಕ್ಕೆ ಹೊರಳಿತ್ತು. ಹಾಗೆ ಹೊರಳಿದರೆ ಎಷ್ಟು ಎಳೆದರೂ ಬರುವುದಿಲ್ಲ. ಮೊದಲು ಕರುವನ್ನು ಒಳಕ್ಕೆ ತಳ್ಳಬೇಕು, ಆಮೇಲೆ ತಲೆಯನ್ನು ಹುಡುಕಿ ಮುಂದಕ್ಕೆ ತರಬೇಕು. ಎಮ್ಮೆ ತಿಣುಕಿದಾಗಲೆಲ್ಲ ನನ್ನ ತೋಳು ಗಾಣಕ್ಕೆ ಸಿಕ್ಕ ಕಬ್ಬಾಗುತ್ತಿತ್ತು. ಎಮ್ಮೆ ಕುಸಿದು ಮಲಗಿತು, ನಾನೂ ಅದರ ಹಿಂದೆ ಸಗಣಿಯಲ್ಲಿ ಮಲಗಿದೆ. ಬೆರಳಿಗೆ ಕರುವಿನ ದವಡೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಹಗ್ಗ ಹಿಡಿದ ಗಂಡಸರಿಗೆ "ಎಳೀರಿ" ಎಂದೆ, ಎಳೆದರು. "ನಿಲ್ಲಸ್ರಿ" ಎಂದೆ, ನಿಲ್ಲಿಸಿದರು. ನಡುವೆ ಕಾಕಾ ಬೇಕಾಗಲಿಲ್ಲ.

ಕರು ಬಂತು, ಸತ್ತಿತ್ತು. ಹೊತ್ತು ಬಹಳ ಮೀರಿತ್ತು. ಸೊಸೆ ಅಳುತ್ತ ಕರುವಿನ ಮುಖ ಒರೆಸಿದಳು, ಅದು ಬದುಕಿದ್ದರೆ ಒರೆಸುವ ಹಾಗೆಯೇ. ಎಮ್ಮೆ ಉಳಿಯಿತು. ಸ್ವಲ್ಪ ಹೊತ್ತಿಗೆ ಎದ್ದು ನಿಂತು ನೀರಿಗೆ ಬಾಯಿ ಹಾಕಿತು. ಮುದುಕರು ಈಗಲೂ ಕಾಕಾನಿಗೇ, "ಬಾಯಾರಿಗಿ ಚಹಾ ಕುಡಸ್ರಿ" ಎಂದರು. ಸೊಸೆ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಅದಕ್ಕೆ ಬಾಗಿಲಿರಲಿಲ್ಲ. ಅವಳು ಒಂದು ಹಳೆ ಸೀರೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ನನಗೆ ಬೆನ್ನು ಮಾಡಿ ನಿಂತಳು. ನಾನು ನಿಧಾನವಾಗಿ ಮೈ ತೊಳೆದುಕೊಂಡೆ. ಹೊರಗೆ ಬಂದು ಒಂದು ಚೆಂಬು ನೀರು ಕುಡಿದೆ.

ಮರಳುವಾಗ ಭುಜ ನೋಯುತ್ತಿತ್ತು. ಕರುವಿನ ಸಂಕಟ ಎದೆಯಲ್ಲಿತ್ತು. ಆದರೂ ವಾರವಿಡೀ ನನ್ನನ್ನು ಕಚ್ಚುತ್ತಿದ್ದ ಚಡಪಡಿಕೆ ಆ ಹಟ್ಟಿಯೊಳಗೆ ಇದ್ದಷ್ಟು ಹೊತ್ತು ಎಲ್ಲೂ ಇರಲಿಲ್ಲ. ಕಲಬುರಗಿ ನೆನಪಾಗಿರಲಿಲ್ಲ. ಬಸ್ಸು ನೆನಪಾಗಿರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮಗಳೂ ನೆನಪಾಗಿರಲಿಲ್ಲ. ನಾನು ಪೂರ್ತಿಯಾಗಿ ಒಂದೇ ಕಡೆ ಇದ್ದೆ. ಈ ಕೆಲಸ ನನಗೆ ಬೇಕು ಎಂದು ಕಬ್ಬಿನ ಗಾಡಿಗಳ ಹಿಂದೆ ಸ್ಕೂಟರ್ ಹೊಡೆಯುತ್ತಾ ನನಗೆ ನಾನೇ ಹೇಳಿಕೊಂಡೆ.

ಮರುದಿನ ಶನಿವಾರ ತಾಲೂಕು ಮೀಟಿಂಗಿತ್ತು. ಸಾಹೇಬರಿಗೆ ಒಲ್ಲೆ ಎನ್ನುವ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಹೋದೆ. ಬಾಗಿಲಲ್ಲೇ ಬೀದರಿನ ಡಾಕ್ಟರು ಕೈಮುಗಿದರು.

"ಪಾರ್ಟಿ ಯಾವಾಗ್ರಿ ಮೇಡಮ್ಮಾರ? ಕಲಬುರ್ಗಿಗಿ ಹೊಂಟೀರಂತ."

ಸಾಹೇಬರ ಮುಖ ಉಪಕಾರ ಮಾಡಿದ ಸಂತೋಷದಿಂದ ಬೆಳಗುತ್ತಿತ್ತು. "ನಿನ್ನ ಹೆಸರು ಹೇಳೀನಿ ತಂಗಿ. ಬರೂ ವಾರ ಆರ್ಡರ್ ಬರ್ತದ."

"ಸರ್, ನಾ ಇನ್ನಾ ಏನೂ ಹೇಳಿಲ್ಲಲ್ರಿ."

"ಯಜಮಾನ್ರನ್ನ ಕೇಳೀನಲ್ಲವಾ. ಮಾಸ್ತರು ಭಾಳ ಖುಷಿಲೆ ಹ್ಞೂಂ ಅಂದ್ರು."

ಅದರಲ್ಲಿ ಕಪಟ ಇರಲಿಲ್ಲ. ಅವರ ಲೆಕ್ಕದಲ್ಲಿ ಅದು ಮರ್ಯಾದೆ. ನಮ್ಮ ಕಡೆ ಹೆಣ್ಣುಮಗಳ ವಿಷಯ ಬಂದರೆ ದೊಡ್ಡ ಮನುಷ್ಯರು ಅವಳ ಮನೆಯ ಗಂಡಸನ್ನು ಕೇಳುತ್ತಾರೆ. ನನ್ನನ್ನೇ ಒತ್ತಾಯಿಸಿ ಕೇಳಿದ್ದರೆ ಅವರಿಗೆ ಅದು ಒರಟುತನ ಎನ್ನಿಸುತ್ತಿತ್ತೇನೋ. ದವಾಖಾನೆಯ ಕಟ್ಟೆಯ ರೈತ ಕಾಕಾನ ಮುಖ ನೋಡಿ ಮಾತಾಡಿದ. ಇವರು ಜೇವರ್ಗಿಯವರೆಗೆ ಫೋನು ಹಚ್ಚಿ ಮಾತಾಡಿದರು. ಅಷ್ಟರಲ್ಲಿ ಚಹಾದ ತಟ್ಟೆ ಬಂತು, ಎಲ್ಲರೂ ರೂಢಿಯಂತೆ ನನ್ನ ಕಡೆ ನೋಡಿದರು. ನಾನು ಹಂಚಿದೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಜೇವರ್ಗಿಯ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಪಕ್ಕದ ಹೆಂಗಸು "ಆರಾಮ ಇಲ್ಲೇನ್ರಿ?" ಎಂದು ಕೇಳಿದಳು. ಮನೆಗೆ ಹೋದಾಗ ಗಂಡ ಅಡುಗೆಮನೆಯಲ್ಲಿ ಕೂತು ಮೆಂತೆಸೊಪ್ಪು ಸೋಸುತ್ತಿದ್ದರು.

"ನಮ್ಮ ಸಾಹೇಬ್ರು ಫೋನ್ ಮಾಡಿದ್ರೇನು?"

"ಹ್ಞೂಂ, ಮಾಡಿದ್ರು. ನಿನಗೂ ಹೇಳ್ಯಾರಂತ ಸುಮ್ನಿದ್ದೆ."

"ನೀವೇನ ಅಂದ್ರಿ?"

"ಭಾಳ ಛಲೋ ಆಯ್ತು ಅಂದೆ. ಯಾಕ? ಹೈರಾಣ ಆಗೇನಿ ಅಂತ ವಾರಾ ನೀನೇ ಅಂತಿದ್ದಿ."

"ಹೈರಾಣ ಆಗೇನಿ ಅಂದೀನಿ. ಬಿಡ್ತೇನಿ ಅಂದಿಲ್ಲ."

ಅವರು ಸೊಪ್ಪಿನ ಕಟ್ಟು ಕೆಳಗಿಟ್ಟರು.

"ನಿಮಗ ಬದಲಿ ಆದ್ರ ನಿಮ್ಮ ಹೆಡ್ ಮಾಸ್ತರು ನನಗ ಫೋನ್ ಮಾಡಿ ಕೇಳ್ತಾರೇನು?"

ಅವರಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಒಳಗಿನಿಂದ ಅತ್ತೆ, "ದಿನಾ ಮನಿಗಿ ಬರ್ತೀ ಅಂದ್ರ ಅದಕ್ಕೂ ಜಗಳೇನು?" ಎಂದರು. ಗಂಡ ದನಿ ಇಳಿಸಿದರು.

"ಖರೆ ಹೇಳ್ತೇನಿ. ನನಗೂ ಸಾಕಾಗ್ಯದ. ಕೂಸಿಗಿ ಜಡಿ ಹಾಕಿ, ಅವ್ವಗ ಗುಳಗಿ ಕೊಟ್ಟು, ಸಾಲಿಗಿ ಓಡಿ. ಸಂಜಿಗಿ ಮನಿಗಿ ಬಂದ್ರ ನೀ ಇರಬೇಕು ಅನ್ನಿಸ್ತದ. ಅದು ತಪ್ಪೇನು?"

ಮದುವೆಯಾದ ಮೇಲೆ ಇಷ್ಟು ನೇರವಾಗಿ ಅವರು ಎಂದೂ ಹೇಳಿರಲಿಲ್ಲ. ನನ್ನ ಸಿಟ್ಟಿನ ಅರ್ಧ ಅಲ್ಲೇ ಕರಗಿತು. ಉಳಿದರ್ಧ ಹಿಡಿದುಕೊಂಡೇ ಹೇಳಿದೆ, "ತಪ್ಪಲ್ಲ. ಅದನ್ನ ನನಗ ಹೇಳ್ರಿ. ಸಾಹೇಬ್ರಿಗಿ ಯಾಕ ಹೇಳ್ತೀರಿ?"

ಅವರು ಕಟ್ಟು ಮತ್ತೆ ಎತ್ತಿಕೊಂಡು ಸೊಪ್ಪು ಸೋಸಿ ಮುಗಿಸಿದರು. ಭಾನುವಾರ ಊಟವಾದ ಮೇಲೆ ತಾವಾಗಿಯೇ ಫೋನು ತೆಗೆದುಕೊಂಡು ಸಾಹೇಬರಿಗೆ ಹಚ್ಚಿದರು. ನಾನೂ ಕೇಳಲಿ ಎಂದು ಸ್ಪೀಕರ್ ಹಾಕಿದರು. "ಸರ್, ನಾ ಹ್ಞೂಂ ಅಂದದ್ದು ನನ್ನ ಮಾತ್ರಿ. ಆಕಿ ಇಲ್ಲೇ ಅದಾಳ, ಆಕಿನ್ನೇ ಕೇಳ್ರಿ" ಎಂದು ಫೋನು ನನ್ನ ಕೈಗಿಟ್ಟರು.

"ಸರ್, ನನಗ ಕಲಬುರ್ಗಿ ಬ್ಯಾಡ್ರಿ" ಎಂದೆ.

"ಮಾಸ್ತರಿಗಿ ಕೊಡವಾ" ಎಂದರು ಅವರು. ಕೊಟ್ಟೆ.

"ಆಯ್ತ್ರಿ ಮಾಸ್ತರ. ನೀವೇ ಒಪ್ಪೀರಿ ಅಂದಮ್ಯಾಲ ನಂದೇನ ಅಡ್ಡಿ ಅದ. ನಾಳಿಗಿ ಕಲಬುರ್ಗಿಗಿ ಹೇಳ್ತೇನಿ, ಅವರ ಯಜಮಾನ್ರು ಬ್ಯಾಡ ಅಂದ್ರು ಅಂತ."

ಫೋನಿಟ್ಟ ಗಂಡ ನನ್ನ ಮುಖ ನೋಡಿ, "ಹೋಗ್ಲಿ ಬಿಡು, ನಿನ್ನ ಕೆಲಸ ಆಯ್ತಲ್ಲ" ಎಂದರು. ಆಯಿತು. ನಾನು ಹೋಗುತ್ತೇನೆ ಎಂದದ್ದೂ ಅವರ ಬಾಯಿಯಿಂದ, ಹೋಗುವುದಿಲ್ಲ ಎಂದದ್ದೂ ಅವರ ಬಾಯಿಯಿಂದ. ಗೆದ್ದವಳ ಹಾಗೆ ಮಲಗಬೇಕಾದವಳು ಸಂಜೆಯವರೆಗೂ ಅಂಗಳದಲ್ಲಿ ಅತ್ತಿಂದಿತ್ತ ನಡೆದಾಡಿದೆ.

ಮಗಳು ಹಿಂದೆ ಹಿಂದೆ ಬಂದಳು. ಅಜ್ಜಿಯಿಂದ ಎಲ್ಲ ತಿಳಿದುಕೊಂಡಿದ್ದಳು. "ಅವ್ವ, ನೀ ಯಾಕ ದಿನಾ ಬರಂಗಿಲ್ಲ?"

ಬಸ್ಸು, ಸಾಹೇಬರು, ಸರಕಾರ ಎಂದು ಏನಾದರೂ ಹೇಳಬಹುದಿತ್ತು. "ನನಗ ದನದ ಕೆಲಸ ಭಾಳ ಸೇರ್ತದವಾ" ಎಂದೆ.

"ನನಕಿಂತ?"

"ನಿಮ್ಮಪ್ಪಗ ಸಾಲಿ ಸೇರ್ತದಲ್ಲ, ಹಂಗ. ಅಪ್ಪಗ ಹಿಂಗ ಕೇಳ್ತೀಯೇನು?"

ಅವಳು ಯೋಚನೆ ಮಾಡಿದಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ನನ್ನ ಕೈ ಬಿಡದೆ ನನ್ನ ಜೊತೆ ಅಂಗಳ ಸುತ್ತಿದಳು, ದೀಪ ಹಚ್ಚುವವರೆಗೂ.

ಸೋಮವಾರ ನೇರವಾಗಿ ಸಾಹೇಬರ ಕೋಣೆಗೆ ಹೋದೆ. ಬೀದರಿನ ಡಾಕ್ಟರೂ ಕೂತಿದ್ದರು. ಸಾಹೇಬರು ಕಲಬುರಗಿಗೆ ಹಚ್ಚಲು ಫೋನು ಕೈಗೆತ್ತಿಕೊಂಡಿದ್ದರು. "ಆಯ್ತವಾ, ಹೇಳಿಬಿಡ್ತೇನಿ. ಮಾಸ್ತರೇ ಬ್ಯಾಡ ಅಂದ್ರಲ್ಲ" ಎಂದರು.

"ಮಾಸ್ತರು ಬ್ಯಾಡ ಅಂದಿಲ್ರಿ ಸರ್. ಅವರಿಗಿ ನಾ ಹೋಗಬೇಕು ಅಂತನೇ ಅದ. ಯೋಚನಿ ಮಾಡಿ ಹೇಳ್ತೇನಿ ಅಂದಾಕಿ ನಾನು. ನೀವು ನನ್ನ ತಿರುಗಿ ಕೇಳೇ ಇಲ್ಲ. ಈಗ ಕೇಳ್ರಿ."

ಅವರು ಬೀದರಿನ ಡಾಕ್ಟರ ಕಡೆ ನೋಡಿದರು. ಆ ಡಾಕ್ಟರು ಗೋಡೆ ನೋಡಿದರು. ಕುರ್ಚಿ ಇದ್ದರೂ ನಾನು ಕೂರಲಿಲ್ಲ. ಕಾಲು ಕದಲಲಿಲ್ಲ. ಸಾಹೇಬರು ಫೋನು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು. ಕೊನೆಗೆ ನನ್ನ ಮುಖ ನೋಡಿ ಕೇಳಿದರು.

"ಕಲಬುರ್ಗಿಗಿ ಹೋಗ್ತೀರೇನ್ರಿ?"

"ಇಲ್ರಿ."

"ಯಾಕಂತ ಹೇಳ್ಲಿ? ಆರೋಗ್ಯ? ಕೂಸಿನ ಸಾಲಿ? ಅತ್ತಿಯವ್ರಿಗಿ ಆರಾಮಿಲ್ಲ ಅನ್ಲೇನು?"

ಎಲ್ಲವೂ ತಯಾರಿದ್ದವು. ಈ ಹಿಂದೆ ರಜೆ ಕೇಳಿದಾಗಲೆಲ್ಲ, ಮದುವೆಗೆ ಮೊದಲು ಓದುತ್ತೇನೆ ಎಂದಾಗಲೂ, ಇಂಥ ಒಂದು ಕಾರಣವನ್ನು ಮುಂದೆ ಮಾಡಿಯೇ ನಾನು ಬದುಕಿದ್ದೆ.

"ನನಗ ಮನಸ್ಸಿಲ್ರಿ ಸರ್. ಅಷ್ಟೇ."

ಅವರು ಫೋನು ಹಚ್ಚಿ, ನನ್ನ ಮುಂದೆಯೇ, ತಾವೇ ಆ ಮಾತನ್ನು ಮೊದಲ ಸಲ ಆಡುತ್ತಿರುವವರ ಹಾಗೆ ತಡೆತಡೆದು ಹೇಳಿದರು, "ಸರ್, ನಮ್ಮ ಡಾಕ್ಟ್ರು ಬರಂಗಿಲ್ಲಂತ್ರಿ. ಅವರಿಗಿ ಮನಸ್ಸಿಲ್ಲಂತ."

ಆ ಕಡೆಯವರು ಏನೋ ಕೇಳಿದರು. ಏನು ಕೇಳಿದರು ಎಂದು ನನಗೆ ಕೇಳಿಸಲಿಲ್ಲ, ಆದರೆ ಗೊತ್ತಾಯಿತು.

"ಇಲ್ರಿ ಸರ್" ಎಂದರು ನಮ್ಮ ಸಾಹೇಬರು. "ಯಜಮಾನ್ರ ಮಾತಲ್ರಿ. ಅವರನ್ನೇ ಕೇಳೀನಿ."